ಹೆಡ್‌ಸೆಟ್‌ನೊಳಗೆ ಕೂರದ ಕನ್ನಡಕ

ನನ್ನ ಬಲಗಣ್ಣು ಎಡಗಣ್ಣಿಗಿಂತ ಒಂಚೂರು ಮೇಲಕ್ಕೆ ನೋಡುತ್ತದೆ. ಕನ್ನಡಕ ತೆಗೆದು ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಿಂತರೆ ಒಂದು ಬಸ್ಸಿನ ಮೇಲೆ ಇನ್ನೊಂದು ಬಸ್ಸು ಕೂತಿರುತ್ತದೆ. ಡಾಕ್ಟರ ಚೀಟಿಯಲ್ಲಿರುವುದು: ಬಲಗಣ್ಣು, ಪ್ರಿಸಂ 3, ಬೇಸ್ ಡೌನ್. ಅಂದರೆ ನೋಟವನ್ನು ಸರಿಸುವ ಬೆಣೆಯಾಕಾರದ ಗಾಜು, ದಪ್ಪ ಅಂಚು ಕೆಳಕ್ಕೆ. ಪವರ್ ಬರೀ ಮೈನಸ್ ಅರ್ಧ.

ಕಣ್ಣಿಗೆ ಕಟ್ಟಿಕೊಂಡು ನೋಡುವ ವಿಆರ್ ಹೆಡ್‌ಸೆಟ್ ಕೊಂಡ ಮೇಲೆ ಪೇಚಾಟ ಶುರುವಾಯಿತು. ಕನ್ನಡಕದ ಸಮೇತ ತುರುಕಿದರೆ ಗಾಜಿಗೆ ಗಾಜು ತಾಗಿ ಗೀರು. ತೆಗೆದಿಟ್ಟರೆ ಎಲ್ಲವೂ ಜೋಡಿ ಜೋಡಿ. ಹೇಗೂ ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ಹೋಗುತ್ತದಲ್ಲ, ಬಲಗಣ್ಣಿನದನ್ನು ಕೋಡ್ ಬರೆದು ನಾನೇ ಸರಿಸಿದರಾಯಿತು ಅನ್ನಿಸಿತು.

ಒಂದು ಮೀಟರ್ ದೂರದಲ್ಲಿ ನೋಟವನ್ನು ಒಂದು ಸೆಂಟಿಮೀಟರ್ ಸರಿಸಿದರೆ ಅದು ಒಂದು ಪ್ರಿಸಂ. ಮೂರು ಅಂದರೆ ಸುಮಾರು 1.7 ಡಿಗ್ರಿ. ನನ್ನ ಹೆಡ್‌ಸೆಟ್‌ನಲ್ಲಿ ಡಿಗ್ರಿಗೆ ಹೆಚ್ಚುಕಡಿಮೆ 20 ಪಿಕ್ಸೆಲ್, ಹಾಗಾಗಿ ಬಲಗಣ್ಣಿನ ಚಿತ್ರ 34 ಪಿಕ್ಸೆಲ್ ಮೇಲಕ್ಕೆ. ಮೊದಲ ಸಲ ಪ್ಲಸ್ ಮೈನಸ್ ಅದಲುಬದಲಾಗಿ ಚಿತ್ರಗಳು ಇನ್ನಷ್ಟು ದೂರ ಹೋದವು, ತಲೆ ಗಿರ್ರೆಂದಿತು. ಅದನ್ನು ತಿದ್ದಿ, ಬಲಗಣ್ಣಿನ ಚಿತ್ರ ಬಿಡಿಸುವ ಕೋಡಿನೊಳಗಿನ ಕ್ಯಾಮೆರಾವನ್ನೇ ಅಷ್ಟು ಕೆಳಕ್ಕೆ ಬಾಗಿಸಿದೆ; ಕ್ಯಾಮೆರಾ ಬಾಗಿದರೆ ಚಿತ್ರ ಮೇಲೇರಬೇಕು. ಏನೂ ಬದಲಾಗಲಿಲ್ಲ! ಮೂರು ರಾತ್ರಿ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ತಲೆ ಅಲ್ಲಾಡಿದ್ದಕ್ಕೆ ತಕ್ಕಂತೆ ಹೆಡ್‌ಸೆಟ್ ಕೊನೇ ಗಳಿಗೆಯಲ್ಲಿ ಚಿತ್ರವನ್ನು ತಿದ್ದುತ್ತದೆ. ಬಾಗಿಸಿದ ಕೋನವನ್ನು ನಾನೇ ಅದಕ್ಕೆ ವರದಿ ಮಾಡುತ್ತಿದ್ದೆ, ಅದು ಪಾಪ ನಿಷ್ಠೆಯಿಂದ ಅಳಿಸಿಹಾಕುತ್ತಿತ್ತು. ಬಾಗಿಸಿ ಚಿತ್ರಿಸಿ, ಹೆಡ್‌ಸೆಟ್‌ಗೆ ಒಪ್ಪಿಸುವಾಗ ಮಾತ್ರ ಮೂಲ ಕೋನ ಕೊಟ್ಟೆ. ಜೋಡಿಯಾಗಿ ಕಾಣುತ್ತಿದ್ದ ಎರಡು ಚಂದ್ರ ಒಂದಾದವು.

ತಾಳೆ ನೋಡಲು ಎಡಗಣ್ಣಿಗೆ ಕೆಂಪು ಅಡ್ಡಗೆರೆ, ಬಲಗಣ್ಣಿಗೆ ಹಸಿರು ಚುಕ್ಕಿ ತೋರಿಸಿ, ಚುಕ್ಕಿ ಗೆರೆಯ ಮೇಲೆ ಕೂರುವ ತನಕ ಕಾಲು ಕಾಲು ಪ್ರಿಸಂ ಏರಿಸಿದೆ. ಬೆಳಿಗ್ಗೆ 2.75, ದಣಿದ ಸಂಜೆ 3.5. ಕಣ್ಣಿನ ಈ ಚಂಚಲತೆ ನೋಡಿದ ಮೇಲೆ ಸ್ವಂತ ಅಂಕಿ ನಂಬುವುದು ಬಿಟ್ಟು ಡಾಕ್ಟರು ಬರೆದ 3ಕ್ಕೇ ನಿಲ್ಲಿಸಿದ್ದೇನೆ.

ಸುದ್ದಿ ಕೇಳಿ ಕ್ಯಾತಸಂದ್ರದ ಗೆಳೆಯ ಬಂದ. ಅವನದು ಮೈನಸ್ 4. “ನನ್ ಕಣ್ಣಿಗೂ ಒಂದ್ ಕೋಡ್ ಬರಿಯಪ್ಪ” ಅಂದ. ಮಸುಕಾಗುವುದನ್ನು ಮೊದಲೇ ಲೆಕ್ಕ ಹಾಕಿ ಚಿತ್ರವನ್ನು ಅತಿಯಾಗಿ ಚೂಪು ಮಾಡಿ ಕೊಟ್ಟೆ. ಅಕ್ಷರದ ಸುತ್ತ ಬಿಳಿ ಪ್ರಭಾವಳಿ ಎದ್ದಿತು, ಕಪ್ಪು ಬೂದಿಯಾಯಿತು, ಓದಲು ಮಾತ್ರ ಆಗಲಿಲ್ಲ. ಚಿತ್ರ ಯಾವ ದಿಕ್ಕಿನಿಂದ ಕಾಣಬೇಕು ಅನ್ನುವುದು ಸಾಫ್ಟ್‌ವೇರಿನ ಕೈಯಲ್ಲಿದೆ. ಬೆಳಕು ಕಣ್ಣೊಳಗೆ ಎಲ್ಲಿ ಕೂಡಬೇಕು ಅನ್ನುವುದು ಸಾಮಾನ್ಯ ಪರದೆಯಲ್ಲಿ ಅದರ ಕೈಗೆ ಸಿಗುವುದಿಲ್ಲ. ಕೊನೆಗೆ ಅವನು ಹೆಡ್‌ಸೆಟ್‌ನೊಳಗೆ ಕೂರುವ ಪವರ್ ಗಾಜನ್ನೇ ಮಾಡಿಸಿಕೊಂಡ.

ಅಮ್ಮನಿಗೆ ಕೋಡೂ ಬೇಕಾಗಲಿಲ್ಲ, ಗಾಜೂ ಬೇಕಾಗಲಿಲ್ಲ. ಪರದೆ ಕಣ್ಣಿಗೆ ಅಂಟಿಕೊಂಡಂತಿದೆ ಅಂತ ಚಾಳೀಸು ಹಾಕಿಕೊಂಡೇ ನೋಡಿ “ಎಲ್ಲಾ ಮಬ್ಬು” ಅಂದಳು. ಒಳಗಿನ ಲೆನ್ಸು ಚಿತ್ರವನ್ನು ಒಂದೆರಡು ಮೀಟರ್ ಆಚೆ ನಿಲ್ಲಿಸಿರುತ್ತದೆ. ಓದುವ ಕನ್ನಡಕಕ್ಕೆ ಅದು ದೂರ. “ತೆಗೆದಿಟ್ಟು ನೋಡಮ್ಮ” ಅಂದೆ.

“ಈಗ ಚೆನ್ನಾಗ್ ಕಾಣ್ತೈತೆ ಕಣಪ್ಪ” ಅಂದವಳು ಹೆಡ್‌ಸೆಟ್ ಬಿಚ್ಚಿದ್ದು ಮುಕ್ಕಾಲು ಗಂಟೆ ಆದಮೇಲೆ.