ಚಳಿ ಜೋರಾಗೋ ಮುಂಚೆ ಕಾರ್ ಬ್ಯಾಟರಿ ಒಂದ್ಸಲ ನೋಡ್ಕೊಳ್ಳಿ

ಚಿಕ್ಕಮಗಳೂರಿನ ಗೆಳೆಯರೇ, ಮೂಡಿಗೆರೆ, ಕೊಪ್ಪ ಕಡೆಯವರಿಗೂ ಸೇರಿ ಹೇಳ್ತಿದೀನಿ. ಕಾಫಿ ಕುಯ್ಲಿನ ಟೈಮಲ್ಲಿ ಬೆಳಿಗ್ಗೆ ಕಾರ್ ಸ್ಟಾರ್ಟ್ ಆಗದಿದ್ರೆ ದಿನವೇ ಹಾಳು. ಚಳಿಗೆ ಬ್ಯಾಟರಿ ಶಕ್ತಿ ಕುಗ್ಗುತ್ತೆ, ಎಂಜಿನ್ ಆಯಿಲ್ಲೂ ಗಟ್ಟಿಯಾಗಿರುತ್ತೆ.

ಮನೇಲಿ ಒಂದು ಮಲ್ಟಿಮೀಟರ್ (ವೋಲ್ಟೇಜ್, ಕರೆಂಟ್ ಅಳೆಯೋ ಮೀಟರ್) ಇದ್ರೆ ಸಾಕು. ರಾತ್ರಿಯಿಡೀ ನಿಂತ ಗಾಡಿಯನ್ನೇ ನೋಡಿ, ಓಡಿಸಿ ಬಂದ ತಕ್ಷಣ ನೋಡಿದ್ರೆ ವೋಲ್ಟೇಜ್ ಸುಳ್ಳು ಹೇಳುತ್ತೆ. ಮೀಟರ್ 20 ವೋಲ್ಟ್ ಡಿಸಿಗೆ ಇಡಿ; ಕೆಂಪು ವಯರ್ ವೋಲ್ಟ್ ತೂತಿನಲ್ಲೇ ಇರಲಿ. ಆಂಪ್ಸ್ ತೂತಿನಲ್ಲಿದ್ರೆ ನೇರ ಶಾರ್ಟ್! ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಮಾಮೂಲಿ ಲೆಡ್ ಆಸಿಡ್ ಬ್ಯಾಟರಿ 12.6 ತೋರಿಸಿದ್ರೆ ಫುಲ್ ಚಾರ್ಜ್, 12.2 ಅಂದ್ರೆ ಸುಮಾರು ಅರ್ಧ, 12ಕ್ಕಿಂತ ಕೆಳಗಿದ್ರೆ ಖಾಲಿ ಅಂತಲೇ ಲೆಕ್ಕ.

ಆದ್ರೆ ನಿಜವಾದ ಪರೀಕ್ಷೆ ಸೆಲ್ಫ್ ಹೊಡೆಯುವಾಗ. ಇನ್ನೊಬ್ಬರು ಕೀ ತಿರುಗಿಸಲಿ, ನೀವು ಮೀಟರ್ ನೋಡಿ. ಫುಲ್ ಚಾರ್ಜ್ ಇದ್ದೂ 9.6ಕ್ಕಿಂತ ಕೆಳಗೆ ಬಿದ್ರೆ ಬ್ಯಾಟರಿ ಸೋತಿದೆ. ಎಂಜಿನ್ ಓಡುವಾಗ 13.8ರಿಂದ 14.5 ಸಾಮಾನ್ಯ; 13 ಕೂಡ ದಾಟದಿದ್ರೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋ ಭಾಗ) ಕಡೆ ನೋಡಿಸಿ, ಸುಮ್ನೆ ಹೊಸ ಬ್ಯಾಟರಿಗೆ ದುಡ್ಡು ಸುರೀಬೇಡಿ.

ದಯವಿಟ್ಟು ಸ್ಪ್ಯಾನರ್ ತಾಗಿಸಿ ಕಿಡಿ ನೋಡೋ ಹಳೇ ಪದ್ಧತಿ ಬಿಟ್ಬಿಡಿ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತೆ, ಒಂದು ಕಿಡಿಗೆ ಸಿಡಿದು ಆಸಿಡ್ ಮುಖಕ್ಕೇ ಹಾರಬಹುದು. ಉಂಗುರ, ಕೈ ಚೈನು ಬಿಚ್ಚಿಡಿ, ಕಣ್ಣಿಗೆ ಕನ್ನಡಕ ಇರಲಿ, ಬೀಡಿ ಸಿಗರೇಟ್ ದೂರ. ಬ್ಯಾಟರಿ ಉಬ್ಬಿದ್ರೆ, ಸೋರ್ತಿದ್ರೆ ಮುಟ್ಟಲೇಬೇಡಿ, ಮೆಕ್ಯಾನಿಕ್‌ನ ಕರೀರಿ.