ಗೇಗನ್‌ಶೈನ್: ಜರ್ಮನ್ ಜೋಡುಪದವನ್ನು ಬಿಡಿಸುವುದು ಹೇಗೆ

ಖಗೋಳದ ಬಗ್ಗೆ ಓದುವವರಿಗೆ ಉದ್ದುದ್ದ ಜರ್ಮನ್ ಪದಗಳು ಸಿಗುತ್ತಲೇ ಇರುತ್ತವೆ. ಬಿಡಿಸುವ ಕ್ರಮ ಗೊತ್ತಿದ್ದರೆ ಹೆದರಬೇಕಾಗಿಲ್ಲ. ಗೇಗನ್‌ಶೈನ್ ಪದವನ್ನೇ ತಗೊಳ್ಳಿ. ರಾತ್ರಿ ಆಕಾಶದಲ್ಲಿ ಸೂರ್ಯನಿಗೆ ನೇರ ಎದುರಿನ ಜಾಗದಲ್ಲಿ ಕಾಣುವ, ತೀರಾ ಮಂದವಾದ ಬೆಳಕಿನ ಹೆಸರು ಅದು.

ಮೊದಲು ಕೊನೆಯಿಂದ ಓದಿ. ‘ಮಳೆಗಾಲ’ದಲ್ಲಿ ಮುಖ್ಯವಾದದ್ದು ಕಾಲ, ಅಲ್ವಾ? ಜರ್ಮನ್‌ನಲ್ಲೂ ಹಾಗೇ. ಲಿಂಗ, ಬಹುವಚನ ಎಲ್ಲಾ ಕೊನೆಯ ತುಂಡಿನದ್ದೇ. ಶೈನ್ ಅಂದರೆ ಹೊಳಪು. ಅದಕ್ಕೂ ಇಂಗ್ಲಿಷಿನ ಶೈನ್‌ಗೂ ಮೂಲ ಒಂದೇ.

ತುಂಡುಗಳ ನಡುವೆ ಅರ್ಥವಿಲ್ಲದ ಅಕ್ಷರ ಬಂದರೆ ಬಿಟ್ಟುಬಿಡಿ. ಸೂರ್ಯಗ್ರಹಣಕ್ಕೆ ಜೊನೆನ್‌ಫಿನ್‌ಸ್ಟರ್ನಿಸ್ ಅಂತಾರೆ: ಜೊನೆ ಸೂರ್ಯ, ಫಿನ್‌ಸ್ಟರ್ನಿಸ್ ಕತ್ತಲೆ, ನಡುವಿನ ‘ನ್’ ಸುಮ್ನೆ ಜೋಡಿಸೋಕೆ.

ಜಾಸ್ತಿ ಜನ ಎಡವುವುದು ಇದರ ನಂತರ. ನಿಘಂಟಿನ ಮೊದಲ ಅರ್ಥ ಹಿಡಿದು ನಿಲ್ಲಬೇಡಿ. ಶೈನ್‌ಗೆ ಚೀಟಿ, ಪರವಾನಗಿ ಅನ್ನೋ ಅರ್ಥವೂ ಇದೆ. ಡ್ರೈವಿಂಗ್ ಲೈಸೆನ್ಸ್ ಅಲ್ಲಿ ಫ್ಯೂರರ್‌ಶೈನ್. ಗೇಗನ್‌ಗೆ ‘ವಿರುದ್ಧ’ ಅಂತಲೂ ಇದೆ, ಆದರೆ ಇಲ್ಲಿ ಯಾವುದೂ ಯಾವುದನ್ನೂ ವಿರೋಧಿಸುತ್ತಿಲ್ಲ, ಅದು ಬರೀ ‘ಎದುರು’.

ಹಾಗಾಗಿ ಇಡೀ ಪದವನ್ನೇ ಹಳೆಯ ನಿಘಂಟಿನಲ್ಲಿ ಹುಡುಕಿ. ಗ್ರಿಮ್ ಸಹೋದರರು ಶುರುಮಾಡಿದ ದೊಡ್ಡ ಜರ್ಮನ್ ನಿಘಂಟು ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಹಳೆಯ ಜರ್ಮನ್ ಪಂಚಾಂಗಗಳಲ್ಲಿ ಎರಡು ಗ್ರಹಗಳು ಆಕಾಶದಲ್ಲಿ ಎದುರುಬದುರಾಗಿ ನಿಲ್ಲುವುದನ್ನೇ ಗೇಗನ್‌ಶೈನ್ ಅನ್ನುತ್ತಿದ್ದರು. ಆ ಲೆಕ್ಕದಲ್ಲಿ ಪ್ರತಿ ಹುಣ್ಣಿಮೆಯೂ ಸೂರ್ಯ ಚಂದ್ರರ ಗೇಗನ್‌ಶೈನ್. ಅಂದರೆ ಪದ ಮೊದಲೇ ಇತ್ತು. ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್ ಅದನ್ನು ಈ ಬೆಳಕಿಗೆ ಬಳಸಿದರು, 1854ರಲ್ಲಿ ಡೆನ್ಮಾರ್ಕಿನ ಖಗೋಳ ವಿಜ್ಞಾನಿ ಥಿಯೊಡೋರ್ ಬ್ರೋರ್ಸನ್ ಆ ಬೆಳಕನ್ನು ವಿವರವಾಗಿ ಗಮನಿಸಿ ಬರೆದರು.

ಕೊನೆಗೆ ಪದವನ್ನು ವಸ್ತುವಿನ ಜೊತೆ ಇಟ್ಟು ನೋಡಿ. ಗ್ರಹಗಳ ನಡುವಿನ ಧೂಳು ಸೂರ್ಯನ ಬೆಳಕನ್ನು ನಮ್ಮ ಕಡೆಗೇ ವಾಪಸ್ ಚೆದುರಿಸುತ್ತದೆ, ಸೂರ್ಯನಿಗೆ ಎದುರು ಇರುವ ಕಣಗಳು ನಮಗೆ ಪೂರ್ತಿ ಬೆಳಗಿದ ಮುಖವನ್ನೇ ತೋರಿಸುವುದರಿಂದ ಅಲ್ಲಿ ಹೊಳಪು ಸ್ವಲ್ಪ ಜಾಸ್ತಿ. ಎದುರು ಮತ್ತು ಹೊಳಪು, ಎರಡೂ ಸರಿಯಾಗಿ ಕೂತವು. ಕಣ್ಣಾರೆ ನೋಡಬೇಕಾದರೆ ಊರಿನ ದೀಪಗಳಿಂದ ತುಂಬಾ ದೂರ ಹೋಗಬೇಕು, ಚಂದ್ರ ಇರಬಾರದು, ಸಮಯ ನಡುರಾತ್ರಿ. ಜೂನ್, ಡಿಸೆಂಬರ್‌ನಲ್ಲಿ ಅದು ಹಾಲುಹಾದಿಯ ಮೇಲೆ ಬಿದ್ದು ಕರಗಿಹೋಗುತ್ತದೆ. ಮಳೆ ನಿಂತ ಮೇಲೆ ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರ ಒಳ್ಳೆಯದು. ಫೆಬ್ರವರಿ, ಮಾರ್ಚ್ ಕೂಡ ಆಗುತ್ತದೆ.