ಬಿಸಿಲಿನಿಂದ ಎಲೆಯ ಮೇಲೆ ‘ಗ’ ಬರೆಸುವುದು ಹೇಗೆ?

ನಮ್ಮ ಕೆಳಗಿನ ಮನೆಯ ಅಜ್ಜಿ ಭಾನುವಾರ ಬೆಳಿಗ್ಗೆ ಗೊಬ್ಬರದ ಬಕೆಟ್ ಹಿಡಿದು ಟೆರೇಸಿಗೆ ಬರುತ್ತಾರೆ. ‘ಬಾರೇ, ಇವಕ್ಕೆ ಊಟ ಹಾಕೋಣ’ ಅಂತ ನನ್ನನ್ನೂ ಕರೆಯುತ್ತಾರೆ. ಕರಿಬೇವು, ದಾಸವಾಳ, ಬೀನ್ಸ್ ಎಲ್ಲಕ್ಕೂ ಒಂದೊಂದು ಹಿಡಿ ಬೀಳುತ್ತದೆ. ಅಜ್ಜಿಯ ಗಿಡಗಳು ಸೊಂಪಾಗಿಯೇ ಇವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಹಾಕುವುದು ಊಟ ಅಲ್ಲ. ಗೊಬ್ಬರ ಅಡುಗೆಗೆ ಹಾಕುವ ಉಪ್ಪಿದ್ದ ಹಾಗೆ. ಇಲ್ಲದೆ ನಡೆಯುವುದಿಲ್ಲ, ಅದೊಂದನ್ನೇ ತಿಂದು ಬದುಕುವುದಕ್ಕೂ ಆಗುವುದಿಲ್ಲ. ಅನ್ನವನ್ನು ಗಿಡ ತಾನೇ ಮಾಡಿಕೊಳ್ಳುತ್ತದೆ. ಅದಕ್ಕೆ ಅಕ್ಕಿಬೇಳೆ ಅಂದರೆ ಗಾಳಿ ಮತ್ತು ನೀರು. ಒಲೆ ಬಿಸಿಲು.

ಶಾಲೆಯಲ್ಲಿ ಇದನ್ನೇ ‘ದ್ಯುತಿಸಂಶ್ಲೇಷಣೆ’ ಅಂತ ಬಾಯಿಪಾಠ ಮಾಡಿದ್ದೆವು. ಆ ಪದದ ಒತ್ತಕ್ಷರ ತಪ್ಪಿಸಿ ಮಾರ್ಕ್ಸ್ ಕಳೆದುಕೊಂಡವರಲ್ಲಿ ನಾನೂ ಒಬ್ಬಳು. ಕಣ್ಣಾರೆ ನೋಡಿದ್ದು ಮಾತ್ರ ಕಳೆದ ಬೇಸಿಗೆ ರಜೆಯಲ್ಲಿ, ಅಕ್ಕನ ಮಗಳು ಬಂದಾಗ. ಇಬ್ಬರೂ ಸೇರಿ ಎಲೆಯ ಮೇಲೆ ಬಿಸಿಲಿನಿಂದಲೇ ಒಂದು ಅಕ್ಷರ ಬರೆಸಿದೆವು. ಮೂರು ದಿನ ಬೇಕು. ಅದರಲ್ಲಿ ನಿಮ್ಮ ಕೈಕೆಲಸ ಒಂದು ಗಂಟೆಯಷ್ಟೇ.

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಕುಂಡದಲ್ಲಿರುವ ಒಂದು ಗಿಡ, ದಪ್ಪ ಕಪ್ಪು ಕಾಗದ, ಪೇಪರ್ ಕ್ಲಿಪ್, ಒಂದು ಬಿಳಿ ತಟ್ಟೆ. ಮೆಡಿಕಲ್ ಶಾಪಿನಿಂದ ಸರ್ಜಿಕಲ್ ಸ್ಪಿರಿಟ್ ಮತ್ತು ಟಿಂಕ್ಚರ್ ಅಯೋಡಿನ್ ತನ್ನಿ. ಟಿಂಕ್ಚರ್ ಸಿಗದಿದ್ದರೆ ಗಾಯಕ್ಕೆ ಹಚ್ಚುವ ಕಂದು ಬಣ್ಣದ ಪೊವಿಡೋನ್ ಅಯೋಡಿನ್ ದ್ರಾವಣವೂ ನಡೆಯುತ್ತದೆ. ಯಾವುದೇ ಆದರೂ ನೀರು ಬೆರೆಸಿ, ತೆಳು ಟೀ ಡಿಕಾಕ್ಷನ್ ಬಣ್ಣಕ್ಕೆ ತನ್ನಿ. ನಂತರ ಒಂದು ಅನ್ನದ ಅಗುಳಿನ ಮೇಲೆ ಒಂದು ಹನಿ ಹಾಕಿ ನೋಡಿ. ಅಗುಳು ನೀಲಿಗಪ್ಪಾದರೆ ಅಯೋಡಿನ್ ಸರಿಯಿದೆ. ಅನ್ನದಲ್ಲಿರುವ ಪಿಷ್ಟಕ್ಕೆ ಅಯೋಡಿನ್ ತಾಗಿದರೆ ಈ ಬಣ್ಣ ಬರುತ್ತದೆ. ನಾವು ಎಲೆಯಲ್ಲಿ ಹುಡುಕುತ್ತಿರುವುದೂ ಅದೇ ಪಿಷ್ಟ. ಎಲೆ ತಾನು ಮಾಡಿದ ಸಕ್ಕರೆಯಲ್ಲಿ ಒಂದಿಷ್ಟನ್ನು ಪಿಷ್ಟವಾಗಿ ಕೂಡಿಡುತ್ತದೆ.

1. ಗಿಡ ಆರಿಸಿಕೊಳ್ಳಿ

ಅಗಲವಾದ, ತೆಳ್ಳಗಿನ, ಮೆತ್ತನೆಯ ಎಲೆ ಬೇಕು. ನಮಗೆ ಅಜ್ಜಿಯ ಬೀನ್ಸ್ ಗಿಡವೇ ಸರಿಹೋಯಿತು. ದಾಸವಾಳದ ಎಲೆಯೂ ಆಗುತ್ತದೆ, ಆದರೆ ಕುದಿಸಿದಾಗ ಲೋಳೆ ಬಿಟ್ಟು ಕೈಗೆ ಅಂಟುತ್ತದೆ.

ನಾನು ಮೊದಲು ಮಾಡಿದ ಎಡವಟ್ಟು ಹೇಳಿಬಿಡುತ್ತೇನೆ. ಅಡುಗೆಮನೆ ಕಿಟಕಿಯಲ್ಲಿ ಮೊಳೆತಿದ್ದ ಈರುಳ್ಳಿಯ ಎಲೆ ತೆಗೆದುಕೊಂಡೆ. ಎಲ್ಲ ಕ್ರಮವಾಗಿ ಮಾಡಿದರೂ ಬಣ್ಣ ಬರಲೇ ಇಲ್ಲ. ಅಯೋಡಿನ್ ಹಳೆಯದು ಅಂತ ಅಂಗಡಿಯವರನ್ನು ಸುಮ್ನೆ ಬೈದುಕೊಂಡೆ. ಆಮೇಲೆ ಗೊತ್ತಾಯಿತು, ಈರುಳ್ಳಿ ತನ್ನ ಎಲೆಯಲ್ಲಿ ಪಿಷ್ಟ ಕೂಡಿಡುವುದೇ ಇಲ್ಲ, ಸಕ್ಕರೆಯಾಗಿಯೇ ಇಟ್ಟುಕೊಳ್ಳುತ್ತದೆ. ಸಕ್ಕರೆಗೆ ಅಯೋಡಿನ್ ಬಣ್ಣ ಕೊಡುವುದಿಲ್ಲ.

2. ಎರಡು ದಿನ ಉಪವಾಸ ಕೆಡವಿ

ಗಿಡವನ್ನು ಕುಂಡದ ಸಮೇತ ಎರಡು ದಿನ ಪೂರ್ತಿ ಕತ್ತಲಲ್ಲಿಡಿ. ಫ್ರಿಜ್ ಬಂದ ರಟ್ಟಿನ ಡಬ್ಬ ಮಗುಚಿ ಹಾಕಿದರೂ ಸಾಕು. ನೀರು ಮಾತ್ರ ಹಾಕಿ.

ಎಲೆಯಲ್ಲಿ ಈಗಾಗಲೇ ನಿನ್ನೆ ಮೊನ್ನೆಯ ಪಿಷ್ಟ ಇರುತ್ತದೆ. ಅದು ಖಾಲಿಯಾಗದೆ ಹೊಸದನ್ನು ಗುರುತಿಸುವುದು ಹೇಗೆ? ಹಲಗೆ ಒರೆಸದೆ ಬರೆದ ಹಾಗಾಗುತ್ತದೆ. ಕತ್ತಲಲ್ಲಿ ಅಡುಗೆ ನಿಲ್ಲುತ್ತದೆ, ಊಟ ನಿಲ್ಲುವುದಿಲ್ಲ. ಬೇರಿಗೆ, ಚಿಗುರಿಗೆ, ಬೆಳೆಯುತ್ತಿರುವ ಕಾಯಿಗೆ ಹೊತ್ತುಹೊತ್ತಿಗೆ ಶಕ್ತಿ ಬೇಕು. ಆದ್ದರಿಂದ ಎಲೆ ಕೂಡಿಟ್ಟ ಪಿಷ್ಟವನ್ನು ಮತ್ತೆ ಸಕ್ಕರೆ ಮಾಡಿ ಕಳಿಸುತ್ತಾ ಹೋಗುತ್ತದೆ. ಆ ಸಕ್ಕರೆಯನ್ನು ಗಿಡ ಒಡೆದು ಶಕ್ತಿ ಪಡೆಯುವುದು ನಮ್ಮ ಹಾಗೆಯೇ, ಆಮ್ಲಜನಕ ಬಳಸಿ, ಇಂಗಾಲದ ಡೈಆಕ್ಸೈಡ್ ಹೊರಗೆ ಬಿಟ್ಟು. ಇದು ರಾತ್ರಿ ಮಾತ್ರ ಅಲ್ಲ, ಹಗಲೂ ನಡೆಯುತ್ತದೆ. ಹಗಲಲ್ಲಿ ಅಡುಗೆಯ ಸದ್ದಿನಲ್ಲಿ ಊಟದ ಸದ್ದು ಕೇಳುವುದಿಲ್ಲ, ಅಷ್ಟೇ.

ಹುಣಸೆಮರದ ಕೆಳಗೆ ರಾತ್ರಿ ಮಲಗಬಾರದು ಅನ್ನುತ್ತಾರಲ್ವಾ? ದೆವ್ವದ ಕಥೆ ಬಿಟ್ಟವರು ಈಗ ಈ ಇಂಗಾಲದ ಡೈಆಕ್ಸೈಡನ್ನೇ ಕಾರಣ ಮಾಡುತ್ತಾರೆ. ನನಗೆ ಎರಡೂ ಒಂದೇ ತೂಕದವು. ಬಯಲಲ್ಲಿ ಗಾಳಿ ಒಂದೇ ಕಡೆ ನಿಂತಿರುವುದಿಲ್ಲ. ಮಲಗುವ ಕೋಣೆಯ ಹೂಕುಂಡಕ್ಕೂ ಹೆದರಬೇಕಿಲ್ಲ. ಪಕ್ಕದಲ್ಲಿ ಗೊರಕೆ ಹೊಡೆಯುವವರು ಅದಕ್ಕಿಂತ ಎಷ್ಟೋ ಜಾಸ್ತಿ ಬಿಡುತ್ತಾರೆ.

3. ಅಕ್ಷರ ಕತ್ತರಿಸಿ, ಬಿಸಿಲಿಗಿಡಿ

ಕಪ್ಪು ಕಾಗದವನ್ನು ಎಲೆಗಿಂತ ದೊಡ್ಡದಾಗಿ ಎರಡು ತುಂಡು ಮಾಡಿ. ಒಂದರಲ್ಲಿ ಅಕ್ಷರದ ಆಕಾರ ಕೊರೆದು ತೆಗೆಯಿರಿ. ನಾವು ಜೋರಾಗಿ ‘ಅ’ ಕೊರೆಯಲು ಹೋದೆವು. ಸುಳಿಯೊಳಗಿನ ತುಂಡು ಉದುರಿ ಬಿತ್ತು. ‘ಗ’ ಸುಲಭ. ಎಲ್ಲೂ ಮುಚ್ಚಿದ ಸುಳಿಯಿಲ್ಲ, ಗಿಡದ ಗ ಅಂತಲೂ ಆಯಿತು.

ಬೆಳಿಗ್ಗೆ ಎಂಟರ ಹೊತ್ತಿಗೆ ಗಿಡವನ್ನು ಹೊರಗೆ ತನ್ನಿ. ಎಲೆ ಕೀಳಬೇಡಿ, ಗಿಡದಲ್ಲೇ ಇರಲಿ. ಕೊರೆದ ಕಾಗದ ಮೇಲೆ, ಇನ್ನೊಂದು ಕೆಳಗೆ ಇಟ್ಟು ಅಂಚಿನಲ್ಲಿ ಸಡಿಲವಾಗಿ ಕ್ಲಿಪ್ ಹಾಕಿ. ಸಡಿಲ ಅನ್ನುವುದು ಮುಖ್ಯ. ಮೊದಲ ಸಲ ನಾನು ಅಚ್ಚುಕಟ್ಟು ಅಂದುಕೊಂಡು ಎಲೆಯ ತಳಕ್ಕೆಲ್ಲ ಸೆಲ್ಲೋಟೇಪ್ ಅಂಟಿಸಿದ್ದೆ. ಅಕ್ಷರ ಅರ್ಧಂಬರ್ಧ ಬಂತು. ಇಂಥ ಎಲೆಗಳಲ್ಲಿ ಗಾಳಿ ಹೋಗಿ ಬರುವ ಸಣ್ಣ ಬಾಯಿಗಳು, ಪುಸ್ತಕದ ಭಾಷೆಯಲ್ಲಿ ಪತ್ರರಂಧ್ರಗಳು, ತಳಭಾಗದಲ್ಲೇ ಹೆಚ್ಚು. ನಾನು ಅವುಗಳ ಬಾಯಿಗೇ ಟೇಪ್ ಹಾಕಿದ್ದೆ.

ಇನ್ನು ಐದಾರು ಗಂಟೆ ಬಿಸಿಲಿನ ಕೆಲಸ.

ಅಕ್ಷರದ ಕಿಂಡಿಯಿಂದ ಬಿದ್ದ ಬೆಳಕನ್ನು ಎಲೆಯ ಹಸಿರು ಬಣ್ಣ, ಅಂದರೆ ಪತ್ರಹರಿತ್ತು, ಹಿಡಿದುಕೊಳ್ಳುತ್ತದೆ. ಆ ಶಕ್ತಿಯಿಂದ ಮೊದಲು ನೀರು ಒಡೆಯುತ್ತದೆ. ನೀರಿನಲ್ಲಿದ್ದ ಆಮ್ಲಜನಕ ಹೊರಗೆ ಹೋಗುತ್ತದೆ. ನಾವು ಉಸಿರಾಡುವ ಆಮ್ಲಜನಕ ಬಂದಿದ್ದು ಇಂಗಾಲದ ಡೈಆಕ್ಸೈಡಿನಿಂದ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ, ನೀರಿನಿಂದ. ಅಮೆರಿಕದಲ್ಲಿ ರೂಬೆನ್ ಮತ್ತು ಕೇಮೆನ್ 1941ರಲ್ಲಿ ತುಸು ಭಾರವಾದ ಆಮ್ಲಜನಕವಿದ್ದ ನೀರನ್ನು ಪಾಚಿಗೆ ಕೊಟ್ಟು ಇದನ್ನು ತೋರಿಸಿದರು. ನೀರಿನ ಹೈಡ್ರೋಜನ್ ಗಿಡದ ಬಳಿ ಉಳಿಯುತ್ತದೆ. ಎರಡನೆಯ ಹಂತದಲ್ಲಿ ಅದನ್ನು ಇಂಗಾಲದ ಡೈಆಕ್ಸೈಡಿಗೆ ಜೋಡಿಸಿ ಸಕ್ಕರೆ ಕಟ್ಟುತ್ತದೆ.

ಲೆಕ್ಕ ಹಾಕಿದರೆ ಬೆರಗಾಗುತ್ತದೆ. 180 ಗ್ರಾಂ ಗ್ಲೂಕೋಸಿಗೆ 264 ಗ್ರಾಂ ಇಂಗಾಲದ ಡೈಆಕ್ಸೈಡ್, 108 ಗ್ರಾಂ ನೀರು ಬೇಕು. 192 ಗ್ರಾಂ ಆಮ್ಲಜನಕ ಹೊರಬೀಳುತ್ತದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಶೇ 0.04ರ ಆಸುಪಾಸು. ಅಂದರೆ ಅಷ್ಟು ಗ್ಲೂಕೋಸಿಗೆ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಹನ್ನೆರಡು ಕೋಣೆಗಳ ಗಾಳಿಯನ್ನು ಗಿಡ ಪೂರ್ತಿ ಸೋಸಿ ತೆಗೆಯಬೇಕು. ಒಂದು ಲೋಟ ಸಕ್ಕರೆಗೆ ಇಷ್ಟು!

ಗೊಬ್ಬರ ಊಟ ಅಲ್ಲ ಅಂದೆನಲ್ಲ, ಅದನ್ನು ತಕ್ಕಡಿಯಲ್ಲಿ ತೂಗಿ ನೋಡಿದವರಿದ್ದಾರೆ. ಈಗಿನ ಬೆಲ್ಜಿಯಂನ ವಾನ್ ಹೆಲ್ಮಾಂಟ್ ಸುಮಾರು 90 ಕಿಲೋ ಒಣಮಣ್ಣಿನಲ್ಲಿ ಒಂದು ವಿಲೋ ಸಸಿ ನೆಟ್ಟು ಐದು ವರ್ಷ ಬರೀ ನೀರು ಹಾಕಿದ. ಎರಡು ಕಿಲೋ ಚಿಲ್ಲರೆ ಇದ್ದ ಸಸಿ ಸುಮಾರು 77 ಕಿಲೋ ಮರವಾಯಿತು. ಮಣ್ಣು ಕಡಿಮೆಯಾಗಿದ್ದು 60 ಗ್ರಾಂನಷ್ಟು. ಮರವೆಲ್ಲ ನೀರಿನಿಂದಲೇ ಆಗಿದ್ದು ಅಂತ ಅವನು ತೀರ್ಮಾನಿಸಿದ. ಅರ್ಧ ಸರಿ. ಗಾಳಿಯ ಪಾಲು ಅವನಿಗೆ ಹೊಳೆಯಲಿಲ್ಲ. ಅವನು ತೀರಿಕೊಂಡ ಮೇಲೆ, 1648ರಲ್ಲಿ, ಇದು ಅಚ್ಚಾಯಿತು.

4. ಹಸಿರು ತೆಗೆಯಿರಿ

ಈ ಹಂತ ದೊಡ್ಡವರೇ ಮಾಡಬೇಕು. ಸ್ಪಿರಿಟ್ ಬೇಗ ಬೆಂಕಿ ಹಿಡಿಯುತ್ತದೆ.

ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ಎಲೆ ಕಿತ್ತು, ಕಾಗದ ತೆಗೆದು, ಕುದಿಯುವ ನೀರಿನಲ್ಲಿ ಒಂದು ನಿಮಿಷ ಮುಳುಗಿಸಿ. ಎಲೆ ಬೆಂದ ಸೊಪ್ಪಿನ ಹಾಗೆ ಬಾಡುತ್ತದೆ. ಇದರಿಂದ ಎಲೆಯ ಕೆಲಸ ಅಲ್ಲಿಗೇ ನಿಲ್ಲುತ್ತದೆ, ಅಯೋಡಿನ್ ಒಳಗೆ ಇಳಿಯಲು ದಾರಿಯಾಗುತ್ತದೆ.

ಈಗ ಒಲೆ ಆರಿಸಿ. ದೇವರ ಮುಂದೆ ದೀಪ, ಊದುಬತ್ತಿ ಇದ್ದರೆ ಅದನ್ನೂ ನೋಡಿಕೊಳ್ಳಿ. ಕಿಟಕಿ ತೆರೆಯಿರಿ. ಬಿಸಿನೀರಿನ ಪಾತ್ರೆಯನ್ನು ಒಲೆಯಿಂದ ದೂರ, ಟೇಬಲ್ ಮೇಲಿಡಿ. ಗಾಜಿನ ಲೋಟದಲ್ಲಿ ಎಲೆ ಮುಳುಗುವಷ್ಟು ಸ್ಪಿರಿಟ್ ಹಾಕಿ, ಎಲೆ ಬಿಟ್ಟು, ಲೋಟವನ್ನು ಆ ಬಿಸಿನೀರಿನಲ್ಲಿ ಕೂರಿಸಿ. ಸ್ಪಿರಿಟ್ಟನ್ನು ನೇರವಾಗಿ ಒಲೆಯ ಮೇಲೆ ಯಾವ ಕಾರಣಕ್ಕೂ ಇಡಬೇಡಿ.

ಹತ್ತು ನಿಮಿಷದಲ್ಲಿ ಸ್ಪಿರಿಟ್ ಹಸಿರಾಗುತ್ತದೆ, ಎಲೆ ಮಾಸಲು ಬಿಳಿಯಾಗುತ್ತದೆ. ನೀರು ಆರಿದರೆ ಬೇರೆ ಬಿಸಿನೀರು ಹಾಕಿ. ಎಲೆಯನ್ನು ಚಿಮಟದಿಂದ ಎತ್ತಿ. ಅದು ಸುಟ್ಟ ಹಪ್ಪಳದ ಹಾಗೆ ಗರಿಗರಿಯಾಗಿರುತ್ತದೆ, ಮುರಿಯಬೇಡಿ. ಉಗುರುಬೆಚ್ಚನೆ ನೀರಿಗೆ ಅದ್ದಿದರೆ ಮತ್ತೆ ಮೆತ್ತಗಾಗುತ್ತದೆ.

ಆ ಹಸಿರು ಸ್ಪಿರಿಟ್ಟನ್ನು ಆಗಲೇ ಚೆಲ್ಲಬೇಡಿ. ಕೋಣೆ ಕತ್ತಲು ಮಾಡಿ, ಖೋಟಾ ನೋಟು ಪತ್ತೆಗೆ ಬಳಸುವ ನೇರಳೆ ಟಾರ್ಚನ್ನು ಲೋಟಕ್ಕೆ ಬಿಡಿ. ಹಸಿರು ನೀರು ರಕ್ತದಂತೆ ಕೆಂಪಗೆ ಹೊಳೆಯುತ್ತದೆ! ಪತ್ರಹರಿತ್ತು ಇನ್ನೂ ಬೆಳಕು ಹಿಡಿಯುತ್ತಲೇ ಇದೆ. ಆದರೆ ಹಿಡಿದ ಶಕ್ತಿಯನ್ನು ಇಸಿದುಕೊಂಡು ಕೆಲಸಕ್ಕೆ ಹಚ್ಚುವ ಎಲೆಯ ಏರ್ಪಾಡು ಈಗ ಜೊತೆಗಿಲ್ಲ. ಆ ಶಕ್ತಿಯಲ್ಲಿ ಒಂದಿಷ್ಟು ಕೆಂಪು ಬೆಳಕಾಗಿ ವಾಪಸ್ ಬರುತ್ತದೆ. ನಿಜ ಹೇಳಬೇಕೆಂದರೆ ನನಗೆ ಅಕ್ಷರಕ್ಕಿಂತ ಇದೇ ಹೆಚ್ಚು ಇಷ್ಟವಾಯಿತು.

5. ಅಯೋಡಿನ್ ಹಾಕಿ

ಎಲೆಯನ್ನು ಬಿಳಿ ತಟ್ಟೆಯಲ್ಲಿ ಹರಡಿ. ತೆಳು ಮಾಡಿಟ್ಟ ಅಯೋಡಿನ್ ಎಲ್ಲ ಕಡೆ ತಾಗುವಂತೆ ಸುರಿಯಿರಿ. ಮೊದಲ ಅರ್ಧ ನಿಮಿಷ ಏನೂ ಆಗುವುದಿಲ್ಲ, ಎಲೆ ಹಳದಿಗಂದು ಆಗುತ್ತದೆ ಅಷ್ಟೇ. ಆಮೇಲೆ ನರಗಳ ನಡುವೆ ಸಣ್ಣ ಸಣ್ಣ ಕಪ್ಪು ಚುಕ್ಕಿ ಏಳುತ್ತವೆ. ಚುಕ್ಕಿಗಳು ಕೂಡಿಕೊಂಡು ಮೊದಲು ಒಂದು ಬಾಗು, ನಂತರ ತಲೆಕಟ್ಟು ಕಾಣುತ್ತದೆ. ‘ಚಿಕ್ಕಮ್ಮಾ, ಬಂತು ಬಂತು!’ ಅಂತ ಹುಡುಗಿ ಕುರ್ಚಿ ಹತ್ತಿ ನಿಂತಳು. ಅಂಚು ಸ್ವಲ್ಪ ಕದಡಿತ್ತು. ಆದರೂ ಯಾರು ನೋಡಿದರೂ ಅದು ‘ಗ’.

ಬೆಳಕು ಬಿದ್ದ ಕಡೆ ಪಿಷ್ಟ, ಬೀಳದ ಕಡೆ ಇಲ್ಲ. ಎಲೆ ಒಂದೇ, ನೀರು ಒಂದೇ, ಗೊಬ್ಬರವೂ ಒಂದೇ.

ಹೀಗೆ ಬೆಳಕಿಗೂ ಎಲೆಯ ಪಿಷ್ಟಕ್ಕೂ ನಂಟು ತೋರಿಸಿದವರು 19ನೇ ಶತಮಾನದ ಜರ್ಮನ್ ವಿಜ್ಞಾನಿ ಜೂಲಿಯಸ್ ಸ್ಯಾಕ್ಸ್. ಸಕ್ಕರೆ ಕಟ್ಟುವ ಮೆಟ್ಟಿಲು ಮೆಟ್ಟಿಲನ್ನೂ ಬಿಡಿಸಿ 1961ರಲ್ಲಿ ನೊಬೆಲ್ ಪಡೆದ ಮೆಲ್ವಿನ್ ಕ್ಯಾಲ್ವಿನ್ ತಂಡವೂ ಪಾಚಿಯನ್ನು ಬಿಸಿ ಆಲ್ಕೋಹಾಲಿಗೆ ಸುರಿದೇ ಅದರ ಕೆಲಸವನ್ನು ಬೇಕಾದ ಸೆಕೆಂಡಿಗೆ ನಿಲ್ಲಿಸುತ್ತಿತ್ತು. ಅವರ ಉಪಕರಣ ದೊಡ್ಡದು, ಉಪಾಯ ನಮ್ಮದೇ.

6. ಬೇಕಿದ್ದರೆ ಇನ್ನೊಂದು: ಸಂಜೆ ಎಲೆ, ಬೆಳಗಿನ ಎಲೆ

ಇದಕ್ಕೆ ಕಾಗದ ಬೇಡ, ಉಪವಾಸವೂ ಬೇಡ. ಬಿಸಿಲಲ್ಲಿದ್ದ ಅದೇ ಗಿಡದಿಂದ ಸಂಜೆ ಆರಕ್ಕೆ ಒಂದು ಎಲೆ, ಮರುದಿನ ಬೆಳಕು ಹರಿಯುವ ಮುಂಚೆ ಒಂದು ಎಲೆ ಕೀಳಿ. ಕಿತ್ತ ಕೂಡಲೇ ಕುದಿನೀರಿಗೆ ಹಾಕಿ, ಮುಂದಿನದ್ದು ಮೇಲಿನಂತೆ. ಸಂಜೆಯದು ಪೂರ್ತಿ ಕಪ್ಪಾಗುತ್ತದೆ. ಬೆಳಗಿನದು ಬಹಳ ತೆಳು.

ರಾತ್ರಿ ಖರ್ಚಾಯಿತು, ಸರಿ. ಆದರೆ ಆ ಖರ್ಚಿಗೂ ಒಂದು ಲೆಕ್ಕ ಇದೆ. ಸಾಸಿವೆಯ ನೆಂಟನಾದ ಅರಾಬಿಡಾಪ್ಸಿಸ್ ಅನ್ನುವ ಪುಟ್ಟ ಗಿಡ ಬೆಳಗಾಗುವ ಹೊತ್ತಿಗೆ ಪಿಷ್ಟ ಬಹುಪಾಲು ಮುಗಿಯುವಂತೆ, ರಾತ್ರಿಯಿಡೀ ಒಂದೇ ಸಮನಾಗಿ ಖರ್ಚು ಮಾಡುತ್ತದೆ. ಪ್ರಯೋಗಾಲಯದಲ್ಲಿ ಅದಕ್ಕೆ ಬೆಳಕು ಕೊಡುವ ದೀಪವನ್ನು ರೂಢಿಗಿಂತ ನಾಲ್ಕು ಗಂಟೆ ಮುಂಚೆಯೇ ಆರಿಸಿದರೆ ಕೂಡಲೇ ಕೈ ಬಿಗಿ ಹಿಡಿಯುತ್ತದೆ. ಕಡಿಮೆ ಪಿಷ್ಟ, ಉದ್ದ ರಾತ್ರಿ, ಆದರೂ ಬೆಳಗಿನವರೆಗೆ ಎಳೆಯುತ್ತದೆ. ಇದ್ದ ಪಿಷ್ಟವನ್ನು ಉಳಿದ ಗಂಟೆಗಳಿಂದ ಭಾಗಿಸಿದ ಹಾಗೆ. ಇಂಥ ಭಾಗಾಕಾರವನ್ನು ಎಲೆಯೊಳಗಿನ ರಾಸಾಯನಿಕಗಳು ಹೇಗೆ ಮಾಡಬಹುದು ಅಂತ ಇಂಗ್ಲೆಂಡಿನ ಜಾನ್ ಇನ್ನೆಸ್ ಸೆಂಟರ್‌ನವರು 2013ರಲ್ಲಿ ವಿವರಿಸಿದರು. ತಿಂಗಳ ಕೊನೆಗೆ ಸಂಬಳ ಸಾಲದ ನಮ್ಮಂಥವರು ಹೊಟ್ಟೆಕಿಚ್ಚು ಪಡಬೇಕಾದ ವಿಷಯ.

ಬೆಳಗಿನ ಎಲೆಗೆ ಐದೂವರೆಗೇ ಅಲಾರಂ ಇಡಿ. ನಾವು ಮೊದಲ ದಿನ ಏಳೂವರೆಗೆ ಎದ್ದು ಹೋದೆವು. ಅಷ್ಟು ಹೊತ್ತಿಗೆ ಅಜ್ಜಿ ಗೊಬ್ಬರ ಹಾಕಿ ಇಳಿದು ಹೋಗಿದ್ದರು, ಎಲೆಯೂ ಒಲೆ ಹಚ್ಚಿ ಆಗಿತ್ತು.